ಅಂಗೈಯಗಲದ ದೂರ

ಫೆಬ್ರವರಿ 3, ಸೋಮವಾರ

ಮತ್ತೆ ಕನ್ನಡಕಕ್ಕೆ ಹಬೆ. ಇಸ್ತ್ರಿ ಅಣ್ಣ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ ಅಂದರೆ ನನ್ನ ಮೂಲೆಗೆ ಮೋಡ ಕವಿಯಿತು ಅಂತಲೇ ಲೆಕ್ಕ. ಒರೆಸಿ ಒರೆಸಿ ತೋಳಿನ ತುದಿ ಒದ್ದೆ. ಕೊನೆಗೆ ತೆಗೆದೇ ಇಟ್ಟೆ. ಕೆಲಸಕ್ಕೆ ಕೂತರೆ ಹೇಗೂ ತೆಗೀಬೇಕು.

ಕನ್ನಡಕ ದೂರದ್ದಕ್ಕೆ. ರಫೂಗೆ ದೂರದ್ದು ಯಾಕೆ? ಬಟ್ಟೆಯನ್ನ ಮುಖದಿಂದ ಅಂಗೈಯಗಲದಷ್ಟು ದೂರ ಹಿಡಿದರೆ ಒಂದೊಂದು ಎಳೆಯೂ ಹಗ್ಗದ ಹಾಗೆ ಎದ್ದು ಕಾಣುತ್ತೆ. ಮಗ್ಗದಲ್ಲಿ ಹೇಗೆ ನೆಯ್ದಿದ್ದಾರೋ ಹಾಗೇ ತೂತಿನ ಮೇಲೆ ಸೂಜಿಯಲ್ಲಿ ಮತ್ತೆ ನೆಯ್ಯೋದು. ಮುಗಿದ ಮೇಲೆ ತೂತು ಎಲ್ಲಿತ್ತು ಅಂತ ನಾನೇ ಹುಡುಕಬೇಕು. ಹುಡುಕಿದರೂ ಸಿಗಬಾರದು.

"ಏನಮ್ಮ ಮೂಸಮ್ಮ, ಇವತ್ತು ಯಾರ ಬೆವರು?" ಅಂದ ಇಸ್ತ್ರಿ ಅಣ್ಣ. ಬಟ್ಟೆ ಸದಾ ಮೂಗಿನ ಹತ್ತಿರ ಅಂತ ನನಗೆ ಅವನಿಟ್ಟ ಹೆಸರು ಅದು.

"ನಿಮ್ಮದೇ ಇರಬೇಕಣ್ಣ. ಬೆಳಗಿಂದ ತಲೆ ಸುತ್ತುತ್ತಾ ಇದೆ."

ಟೈಲರ್ ಮಾಸ್ಟರ್ ಕತ್ತರಿ ನಿಲ್ಲಿಸಿ ನಕ್ಕರು.

ಕನ್ನಡಕ ಇಲ್ಲದಾಗ ನನಗೆ ಮಾತು ಬರುತ್ತೆ. ಎದುರಿಗಿರೋ ಮುಖಗಳೆಲ್ಲ ಮಂಜು. ಮಂಜಿಗೆ ಏನು ಹೆದರೋದು? ಹಾಕಿಕೊಂಡೆನೋ — ಬಾಯಿಗೆ ಹೊಲಿಗೆ.

ಫೆಬ್ರವರಿ 5, ಬುಧವಾರ, ಸಂಜೆ

ಅಕ್ಕ ಬಾಗಿಲಲ್ಲೇ ಚಪ್ಪಲಿ ಒದ್ದು ಬಿಸಾಕಿ ಶುರು ಮಾಡಿದಳು. ಅವಳು ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನ್. ಸ್ಟಾಫ್ ಮನೆಯವರಿಗೆ ಕಣ್ಣಿನ ನಂಬರು ತೆಗೆಯೋ ಲೇಸರ್ ಆಪರೇಷನ್‌ಗೆ ರಿಯಾಯಿತಿ ಕೊಡ್ತಾರಂತೆ.

"ಈ ಸೋಡಾ ಬಾಟಲಿ ತಳ ಇನ್ನೆಷ್ಟು ವರ್ಷ ಹೊರ್ತೀಯ? ಮೂಗಿಗಿಂತ ಮೂಗುತಿ ಭಾರ. ಮಾಡಿಸಿಬಿಡು."

ನಾನು ತಟ್ಟೆ ತೊಳೆಯುತ್ತಾ ಇದ್ದೆ. ಸುಮ್ಮನಿದ್ದೆ. ಸುಮ್ಮನಿದ್ದರೆ ಅಕ್ಕನ ಪಾಲಿಗೆ ಹೂಂ ಅಂತಲೇ ಅರ್ಥ. ಚಿಕ್ಕಂದಿನಿಂದ ಹಾಗೇ. ಯಾರು ಏನು ಕೇಳಿದರೂ ನನ್ನ ಉತ್ತರ ಅವಳ ಬಾಯಿಂದಲೇ ಬಂದಿದೆ. ತಪ್ಪು ಉತ್ತರ ಕಡಿಮೆ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ದಡ್ಡಿ ಅಂತ. ಬೋರ್ಡು ಕಾಣ್ತಿರಲಿಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೂ. ಬೋರ್ಡು ಅಂದರೆ ಎಲ್ಲರಿಗೂ ಬರೀ ಕಪ್ಪು, ಅದರಲ್ಲಿ ಓದೋದೇ ಜಾಣತನ ಅಂದುಕೊಂಡಿದ್ದೆ. ಕನ್ನಡಕ ಬಂದದ್ದು ಆಮೇಲೆ. ಆಗ ಶಾಲೆ ಇರಲಿಲ್ಲ, ಸೂಜಿ ಇತ್ತು.

ನಂಬರು ಮೈನಸ್ ಎಂಟು. ಬೆಳಗ್ಗೆ ಎದ್ದರೆ ಕನ್ನಡಕ ಹುಡುಕೋಕೂ ಕನ್ನಡಕ ಬೇಕು. ಆಸೆ ಇಲ್ಲ ಅಂದರೆ ಸುಳ್ಳು.

ಫೆಬ್ರವರಿ 8, ಶನಿವಾರ

ಡ್ರಮ್ ಅಜ್ಜ ಕೋಟು ತಂದರು. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಅವರದ್ದು. ಕಡುನೀಲಿ ಕೋಟು, ಹಿತ್ತಾಳೆ ಗುಂಡಿ. ಎಡಭುಜದ ಮೇಲೆ ಡ್ರಮ್ಮಿನ ಪಟ್ಟಿ ಉಜ್ಜಿ ಉಜ್ಜಿ ಬಟ್ಟೆ ಸವೆದು ತೂತು. ಹೆಬ್ಬೆರಳು ಆ ಕಡೆಯಿಂದ ಈ ಕಡೆ ಬರುತ್ತೆ.

"ಈ ಪಟ್ಟಿ ಉಜ್ಜಿದಷ್ಟು ನಮ್ಮನೆಯವಳೂ ನನ್ನ ಉಜ್ಜಿಲ್ಲ ತಾಯಿ."

"ಅವರಿಗೆ ಪಾತ್ರೆಗಳೇ ಸಾಕಾಗಿತ್ತೇನೋ ಅಜ್ಜ," ಅಂದೆ. ಕನ್ನಡಕ ಕೆಳಗಿತ್ತು.

ಜೋರಾಗಿ ನಕ್ಕು ಕೆಮ್ಮಿದರು. ಆಮೇಲೆ ದನಿ ಇಳಿಸಿ ಹೇಳಿದರು. ಮಾರ್ಚ್ ಕೊನೆಯ ಭಾನುವಾರ ಮೈದಾನದಲ್ಲಿ ಅವರ ಕೊನೆಯ ಪ್ರೋಗ್ರಾಂ. ಬಾರಿಸಿ ಮುಗಿದ ಮೇಲೆ ಎಲ್ಲರೆದುರಿಗೆ ಡ್ರಮ್ ಇಳಿಸಿ ಮುಂದಿನವರ ಕೈಗೆ ಕೊಡಬೇಕು. "ಪಟ್ಟಿ ತೆಗೆದಾಗ ಜನ ನೋಡೋದು ಭುಜಾನೇ. ಇಷ್ಟು ವರ್ಷ ಹೊತ್ತ ಭುಜ. ಅಲ್ಲಿ ತೇಪೆ ಕಾಣಬಾರದು."

"ತೇಪೆ ಹಾಕೋದು ಬೇರೆ ಅಂಗಡೀಲಿ," ಅಂದರು ಮಾಸ್ಟರ್. "ಇವಳು ಮಾಡಿದ್ದು ದೇವರಿಗೂ ಕಾಣಲ್ಲ."

ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಳ್ಳಬೇಕು. ಇಷ್ಟು ಹಳೇ ನೀಲಿ ಹೊಸದಾಗಿ ಎಲ್ಲೂ ಸಿಗಲ್ಲ. ಮಡಿಕೆಯಲ್ಲಿ ಬಟ್ಟೆ ಕಡಿಮೆ. ಲೆಕ್ಕವಾಗಿ ಬಳಸಬೇಕು.

ಫೆಬ್ರವರಿ 12, ಬುಧವಾರ

ಕಣ್ಣಾಸ್ಪತ್ರೆ. ಟೆಸ್ಟುಗಳು. ಒಂದು ಮಷಿನ್ನಿಗೆ ಗದ್ದ ಇಡು, ಇನ್ನೊಂದಕ್ಕೆ ಹಣೆ ಇಡು. ಕಣ್ಣಿನ ಪದರ ದಪ್ಪ ಇದೆಯಂತೆ, ಲೇಸರನ್ನ ತಾಳಿಕೊಳ್ಳುತ್ತಂತೆ.

ಡಾಕ್ಟರ್ ಒಳ್ಳೆಯವರು. ಆತುರ ಮಾಡಲಿಲ್ಲ. ಕನ್ನಡಕದ ಕಾಟ ತಪ್ಪುತ್ತೆ, ಎದ್ದ ತಕ್ಷಣ ಲೋಕ ಕಾಣುತ್ತೆ, ಅದು ಲಾಭ ಅಂದರು. ಆಮೇಲೆ ತಕ್ಕಡಿಯ ಇನ್ನೊಂದು ತಟ್ಟೆ. ಕಣ್ಣು ಒಣಗಬಹುದು. ಕತ್ತಲಲ್ಲಿ ದೀಪದ ಸುತ್ತ ಬಳೆ ಬಳೆ ಬೆಳಕು ಬರಬಹುದು. ಕೆಲವರಿಗೆ ಸ್ವಲ್ಪ ನಂಬರು ಮರಳಿ ಬರುತ್ತೆ. "ಮಾಡಿದ್ದನ್ನ ಬಿಚ್ಚೋಕಾಗಲ್ಲ. ಚೆನ್ನಾಗಿ ಯೋಚಿಸಿ."

ಬಿಚ್ಚೋಕಾಗಲ್ಲ. ಹೊಲಿಗೆಯವಳಿಗೆ ಆ ಮಾತು ನಾಟಿತು.

ಕೊನೆಗೆ ಕೇಳಿದರು: "ಹತ್ತಿರದ ಕೆಲಸ ಏನಾದರೂ ಕನ್ನಡಕ ತೆಗೆದು ಮಾಡೋ ಅಭ್ಯಾಸ ಇದೆಯಾ?"

ಅಕ್ಕ: "ಟೈಲರ್ ಅಂಗಡೀಲಿ ಕೆಲಸ ಸರ್. ಕನ್ನಡಕ ಇಡೀ ದಿನ ಮೂಗಿನ ಮೇಲೇ. ಇಳಿಸಿದ್ರೆ ನಾನು ಬಿಡ್ತೀನಾ?"

ಅವಳು ಅಂಗಡಿಗೆ ಬಂದು ನೋಡಿದವಳಲ್ಲ. ಮನೆಯಲ್ಲಿ ಕಂಡದ್ದನ್ನೇ ಹೇಳಿದಳು.

"ಹೌದಾ?" ಅಂತ ಡಾಕ್ಟರ್ ನನ್ನ ಕಡೆ ತಿರುಗಿದರು. ಕನ್ನಡಕ ಹಾಕಿದ್ದೆ. ಅವರ ಹುಬ್ಬು, ಜೇಬಿನ ಪೆನ್ನು, ನನ್ನನ್ನೇ ನೋಡ್ತಿರೋ ಕಣ್ಣು — ಎಲ್ಲ ಸ್ಪಷ್ಟ. ಅಲ್ಲ ಅನ್ನಬೇಕಿತ್ತು. ಅಕ್ಕನನ್ನ ಅವಳ ಸಾಹೇಬರ ಎದುರೇ ಸುಳ್ಳಿ ಮಾಡಿದ ಹಾಗೆ... ಇಷ್ಟು ಚಿಕ್ಕ ಮಾತಿಗೆ ಯಾಕೆ ಅನ್ನಿಸಿತು.

ಹೌದು ಅಂತ ತಲೆ ಆಡಿಸಿದೆ.

ಫೆಬ್ರವರಿ 17, ಸೋಮವಾರ

ಬರೋ ಶನಿವಾರದ ಆಪರೇಷನ್‌ಗೆ ಒಬ್ಬರು ಬರಲ್ಲ ಅಂದಿದ್ದಾರಂತೆ. ಆ ಜಾಗಕ್ಕೆ ಅಕ್ಕ ನನ್ನ ಹೆಸರು ಕೊಟ್ಟಿದ್ದಾಳೆ. ಅಂಗಡಿಯಲ್ಲಿ ಪಂಚಾಯಿತಿ ನಡೀತು.

ಇಸ್ತ್ರಿ ಅಣ್ಣನ ಷಡ್ಡಕ ಮಾಡಿಸಿಕೊಂಡಿದ್ದಾನಂತೆ. "ಈಗ ಅತ್ತೆ ಬೀದಿ ತುದೀಲಿ ಕಂಡ್ರೆ ಸಾಕು, ಹಿಂದಿನ ಬಾಗಿಲಿಂದ ಮಾಯ."

"ಹಾಗಾದ್ರೆ ಲಾಭವೇ," ಅಂದೆ.

"ಅವನಿಗೆ ಲಾಭ. ಅತ್ತೆಗೆ ನಷ್ಟ. ಆಪರೇಷನ್ ಅಂದ್ರೆ ಯಾರಿಗೋ ಒಬ್ಬರಿಗೆ ನಷ್ಟ ಇದ್ದೇ ಇರುತ್ತೆ ಮೂಸಮ್ಮ."

ಮಾಸ್ಟರ್ ಟೇಪು ಕೊರಳಿಗೆ ಹಾಕಿಕೊಂಡು ಯೋಚಿಸಿ ಹೇಳಿದರು: "ಕೆಟ್ಟ ಕಣ್ಣಲ್ಲೇ ಹೀಗೆ ಮಾಡ್ತೀಯ. ಕಣ್ಣು ಸರಿಯಾದ್ರೆ ಇನ್ನು ಹೇಗೆ ಮಾಡ್ತೀಯೋ!"

ಅದೇ ನನಗೂ ಅನ್ನಿಸಿದ್ದು. ಒಣಗೋ ಕಣ್ಣು ತೂಗಿದೆ, ಬಳೆ ಬೆಳಕು ತೂಗಿದೆ. ಹತ್ತಿರದ್ದು ಕಾಣೋದನ್ನ ಯಾರೂ ತಕ್ಕಡಿಗೇ ಹಾಕಲಿಲ್ಲ. ಕೆಟ್ಟದ್ದು ಅಂತ ಹೆಸರಿಟ್ಟ ಮೇಲೆ ಅದನ್ನ ಯಾರು ತೂಗ್ತಾರೆ?

(ಮೇಲಿನ ಕೊನೆಯ ಎರಡು ಸಾಲು ಈಗ ಸೇರಿಸಿದ್ದು. ಮಾರ್ಚ್.)

ಫೆಬ್ರವರಿ 21, ಶುಕ್ರವಾರ

ಕೋಟಿನ ತೂತು ಅರ್ಧ ತುಂಬಿದೆ. ಎರಡೆಳೆ ಮೇಲೆ, ಎರಡೆಳೆ ಕೆಳಗೆ, ಮುಂದಿನ ಸಾಲಿಗೆ ಒಂದೆಳೆ ಸರಿಯಬೇಕು. ಆಗ ಓರೆಗೆರೆ ತಾನಾಗಿ ಏಳುತ್ತೆ. ಎದ್ದಿದೆ. ಬೆರಳಾಡಿಸಿದರೂ ಗಡಿ ಸಿಗಲ್ಲ. ಉಣ್ಣೆಯಲ್ಲಿ ಹಿತ್ತಾಳೆ ಪಾಲಿಶ್ ವಾಸನೆ, ಬೆವರು, ಚೂರು ಬೀಡಿ. ಅಜ್ಜ ಪಕ್ಕದಲ್ಲಿ ಕೂತ ಹಾಗೆ.

ಉಳಿದರ್ಧ ಹೊಸ ಕಣ್ಣಿಗೆ ಇರಲಿ. ಸೂಜಿ ಹಾಗೇ ಚುಚ್ಚಿಟ್ಟು ಮಡಚಿದೆ.

ನಾಳೆ.

ಮಾರ್ಚ್ 1, ಶನಿವಾರ

ಬರೆಯೋದು ಬೇಡ ಅಂತ ಅಕ್ಕ ಪುಸ್ತಕ ಮೇಲಿಟ್ಟಿದ್ದಳು. ಇವತ್ತು ಕೊಟ್ಟಳು.

ನೋವಿರಲಿಲ್ಲ. ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ಪು. ಹಸಿರು ಚುಕ್ಕಿ ನೋಡ್ತಾ ಇರಿ ಅಂದರು. ಚುಕ್ಕಿ ಒಡೆದು ಚೆಲ್ಲಾಡಿತು. ಆಮೇಲೆ ಒಂದು ವಾಸನೆ. ಗೊತ್ತಿರೋ ವಾಸನೆ. ಅಂಗಡಿಯಲ್ಲಿ ಅಸಲಿ ಉಣ್ಣೆ ಹೌದೋ ಅಲ್ಲವೋ ಅಂತ ಒಂದೆಳೆ ಸುಟ್ಟು ನೋಡ್ತೀವಲ್ಲ, ಅದೇ. ನಾನೂ ಅಸಲಿ ಅಂತ ಆಯ್ತು, ಅಂದುಕೊಂಡು ಒಳಗೇ ನಕ್ಕೆ.

ಮಾರನೇ ಬೆಳಗ್ಗೆ ಎಚ್ಚರವಾದಾಗ ಕೈ ತಾನಾಗಿ ದಿಂಬಿನ ಪಕ್ಕ ತಡಕಿತು. ಕನ್ನಡಕ ಇಲ್ಲ. ಆದರೆ ಗೋಡೆ ಗಡಿಯಾರ ಇತ್ತು. ಮುಳ್ಳು, ಅಂಕಿ, ಗಾಜಿನ ಮೇಲೆ ಕೂತ ನೊಣ. ಅಕ್ಕ ಅತ್ತಳು. ನಾನು ಅಳೋ ಹಾಗಿಲ್ಲ ಅಂದಿದ್ದರು.

ದೂರದ ಬೆಟ್ಟ ನುಣ್ಣಗೆ ಅಂತಾರೆ. ನನಗೆ ಎದುರುಮನೆಯೂ ನುಣ್ಣಗೇ ಇತ್ತು. ಈಗ ಅದರ ಗೋಡೆ ತುಂಬ ಬಿರುಕು. ಬಿರುಕೂ ಚಂದ.

ಈ ಅಕ್ಷರ ಮಾತ್ರ ತೋಳುದ್ದ ಇಟ್ಟು ಬರೀತಾ ಇದ್ದೀನಿ. ಹತ್ತಿರ ತಂದರೆ ಕದಡುತ್ತೆ. ಸ್ವಲ್ಪ ದಿನ ಹಾಗೇ ಅಂತೆ.

ಮಾರ್ಚ್ 4, ಮಂಗಳವಾರ

ಕಣ್ಣಿನ ಹನಿ ಮುಗಿದಿತ್ತು. ಔಷಧಿ ಅಂಗಡಿಗೆ ಹೋಗುವಾಗ ಶಾಲೆಯ ಕಿಟಕಿ ತೆರೆದಿತ್ತು. ಒಳಗೆ, ಆ ತುದಿ ಗೋಡೆಯಲ್ಲಿ, ಬೋರ್ಡು. ಕಳೆಯುವ ಲೆಕ್ಕ.

ಬೀದಿಯಿಂದ ಓದಿದೆ. ಚರಂಡಿ ಈಚೆ ನಿಂತು ಮನಸ್ಸಲ್ಲೇ ಕಳೆದೆ. ಪಕ್ಕದ ಮನೆಯಿಂದ ದಶಕ ತಂದು, ಸರಿಯಾಗಿ. ಒಳಗಿದ್ದ ಹುಡುಗಿ ತಪ್ಪು ಬರೆದಳು. ಟೀಚರ್ ಅವಳ ತಲೆ ಸವರಿ ಅಳಿಸಿದರು. ದಡ್ಡಿ ಅನ್ನಲಿಲ್ಲ.

ಖುಷಿಯೋ ಹೊಟ್ಟೆಕಿಚ್ಚೋ ತಿಳಿಯಲಿಲ್ಲ. ಇಷ್ಟು ಒಂದಕ್ಕೇ ಮಾಡಿಸಿಕೊಂಡದ್ದು ಸಾರ್ಥಕ ಅಂತ ಬರೆದಿಡ್ತೀನಿ. ಮುಂದೆ ಏನೇ ಬರೆದರೂ ಇದು ಇರಲಿ.

ಮಾರ್ಚ್ 10, ಸೋಮವಾರ

ಅಂಗಡಿ.

ಮಡಚಿಟ್ಟ ಕೋಟು ಬಿಡಿಸಿದೆ. ಸೂಜಿ ಇಟ್ಟಲ್ಲೇ ಇತ್ತು. ಮುಖದ ಹತ್ತಿರ ತಂದೆ, ಅದೇ ಅಂಗೈಯಗಲಕ್ಕೆ — ಮಂಜು. ನೀಲಿ ಮಂಜು. ಎಳೆ ಇಲ್ಲ, ಸೂಜಿ ಇಲ್ಲ, ನನ್ನ ಬೆರಳೇ ಇಲ್ಲ. ಕಣ್ಣು ಹಿಗ್ಗಿಸಿದೆ, ಕಿರಿದು ಮಾಡಿದೆ, ಹನಿ ಬಿಟ್ಟೆ. ತೋಳುದ್ದ ಹಿಡಿದರೆ ಸ್ಪಷ್ಟ. ಆದರೆ ಅಲ್ಲಿ ಕಾಣೋದು ಬಟ್ಟೆ. ಎಳೆ ಅಲ್ಲ.

ದೂರದ ಮಂಜು ಎದ್ದು ಬಂದು ಹತ್ತಿರ ಕೂತಿದೆ.

"ಯಾಕಮ್ಮ ಮೂಸಮ್ಮ, ಮೂಗು ಕಟ್ಟಿದೆಯಾ?"

ತಲೆ ಎತ್ತಿದೆ. ಇಸ್ತ್ರಿ ಅಣ್ಣನ ಗದ್ದದಲ್ಲಿ ಹಳೇ ಸುಟ್ಟ ಕಲೆ. ನಗುವಾಗ ಒಂದು ಕಣ್ಣು ಮೊದಲು ಮುಚ್ಚುತ್ತೆ. ತಮಾಷೆ ಮಾಡಿ, ನಾನು ಏನಂತೀನೋ ಅಂತ ಆಸೆಯಿಂದ ನೋಡ್ತಾ ನಿಲ್ತಾನೆ. ಇಷ್ಟು ವರ್ಷ ಹೀಗೇ ನಿಲ್ತಿದ್ದನಾ?

ಏನೂ ಹೇಳೋಕೆ ಬರಲಿಲ್ಲ. ತೆಗೆದಿಡೋಕೆ ಕನ್ನಡಕ ಇರಲಿಲ್ಲ.

ಅವನು ಪೆಟ್ಟಿಗೆ ಕಡೆ ತಿರುಗಿದ.

ಮಾರ್ಚ್ 13, ಗುರುವಾರ

ಮೂರು ಸಲ ಹಾಕಿದೆ, ಮೂರು ಸಲ ಬಿಚ್ಚಿದೆ. ಓರೆಗೆರೆ ನಡುವಿನ ತನಕ ಬಂದು ಅಲ್ಲಿ ಮುರಿಯುತ್ತೆ. ಬಿಚ್ಚಿದಾಗಲೆಲ್ಲ ಅಂಚು ಸಿಬಿರು ಸಿಬಿರು. ಮಡಿಕೆಯ ಎಳೆ ಮುಗೀತಾ ಬಂತು. ತಲೆಯ ಹಿಂದೆ ನೋವು.

ಮಾಸ್ಟರ್‌ಗೆ ಹತ್ತಿರದ್ದು ಯಾವತ್ತೋ ಹೋಗಿದೆ, ಸೂಜಿಗೆ ದಾರವೂ ನಾನೇ ಪೋಣಿಸಿಕೊಡೋದು. ಇವತ್ತು ಅವರು ದಾರ ಚಾಚಿದರು. ಪೋಣಿಸಿ ಕೊಟ್ಟೆ. ಅಷ್ಟಾಗುತ್ತೆ.

"ರೆಸ್ಟ್ ತಗೋ. ಹೊಸ ಕಣ್ಣು, ಪಳಗಬೇಕು," ಅಂದರು. ನಂಬಿಕೆಯಿಂದ ಹೇಳ್ತಾರೆ. ಅದೇ ಕಷ್ಟ.

ಮಾರ್ಚ್ 17, ಸೋಮವಾರ

ಚೆಕಪ್. ಗೋಡೆಯ ಕೊನೇ ಸಾಲಿನ ತನಕ ಗಡಗಡ ಓದಿದೆ. ಡಾಕ್ಟರ್‌ಗೆ ಸಂತೋಷ. ಎದ್ದು ಬರುವವಳಿದ್ದೆ. ಹೇಗೋ ಬಾಯಿ ಬಿಟ್ಟೆ.

"ಹತ್ತಿರ... ಎಳೆ ಕಾಣಲ್ಲ."

ಅಂಗೈ ಮುಖಕ್ಕೆ ಅಡ್ಡ ಹಿಡಿದು ತೋರಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಕನ್ನಡಕ ತೆಗೆದು ಕೆಲಸ ಮಾಡ್ತಿದ್ರಾ? ಅವತ್ತು ಕೇಳಿದ್ದೆನಲ್ಲಮ್ಮ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಡಿಸಿ ಹೇಳಿದರು. ನನ್ನಂಥ ಕಣ್ಣಿನೊಳಗೇ ಒಂದು ಭೂತಗನ್ನಡಿ ಇದ್ದ ಹಾಗೆ. ದೂರದ್ದು ಕಾಣಲ್ಲ, ಆದರೆ ತೀರ ಹತ್ತಿರದ್ದು ಬೇರೆಯವರಿಗೆ ಕಾಣದಷ್ಟು ಕಾಣುತ್ತೆ. ಲೇಸರ್‌ನಲ್ಲಿ ಉಬ್ಬು ಇಳಿಸಿ ಸಪಾಟು ಮಾಡಿದಾಗ ಅದೂ ಹೋಗುತ್ತೆ. "ಈಗ ನಿಮ್ಮದು ಎಲ್ಲರ ಕಣ್ಣಿನ ಹಾಗೆ. ಹತ್ತಿರದ ಕೆಲಸಕ್ಕೆ ಒಂದು ಕನ್ನಡಕ ಬರ್ಕೊಡ್ತೀನಿ."

ಎಲ್ಲರ ಕಣ್ಣಿನ ಹಾಗೆ. ಅದನ್ನೇ ಅಲ್ಲವಾ ನಾನು ಕೇಳಿದ್ದು.

ಹೊರಗೆ ಬೆಂಚಿನ ಮೇಲೆ ಅಕ್ಕ: "ನೀನು ಯಾಕೆ ಅವತ್ತು ಬಾಯಿ ಬಿಡಲಿಲ್ಲ?"

"ನೀನು ಬಿಟ್ಟಿದ್ದೆಯಲ್ಲ."

ಹೇಳಿದ ಮೇಲೆ ನೋಡಿದೆ, ಅವಳ ಮುಖ. ಗಲ್ಲದ ಒಂದು ಕಡೆ ನಡುಗಿತು. ಮುಂಚೆ ಆಗಿದ್ದರೆ ಕನ್ನಡಕ ಒರೆಸೋ ನೆಪ ಇರ್ತಿತ್ತು. ಪೂರ್ತಿ ನೋಡಬೇಕಾಯ್ತು. ಅಕ್ಕನ ತಪ್ಪಲ್ಲ. ಇಲ್ಲಿ ಬರೀತೀನಿ, ಎದುರಿಗೆ ಹೇಳಿಲ್ಲ.

ಮಾರ್ಚ್ 26, ಬುಧವಾರ

ಕನ್ನಡಕ ಬಂತು. ಮತ್ತೆ ದಪ್ಪ ಗಾಜು. ಹಳೇದು ನನ್ನ ಕಣ್ಣನ್ನ ಎಳ್ಳಷ್ಟು ಮಾಡ್ತಿತ್ತು, ಇದು ಗೂಬೆ ಮಾಡುತ್ತೆ. ಅಕ್ಕ ನಗಿಸೋಕೆ ನೋಡಿದಳು. "ರಾತ್ರಿ ಮನೆ ಕಾಯೋಕಾಯ್ತು ಬಿಡು." ಇಬ್ಬರೂ ನಕ್ಕೆವು. ನಗು ಬೇಗ ಮುಗೀತು.

ಎಳೆ ಕಾಣುತ್ತೆ. ಕಾಣೋದೇನೋ ಕಾಣುತ್ತೆ. ಆದರೆ ಗಾಜಿನ ಅಂಚಲ್ಲಿ ಸಾಲು ಬಾಗುತ್ತೆ, ತಲೆ ಚೂರು ಅಲುಗಿದರೆ ಬಟ್ಟೆ ಈಜುತ್ತೆ. ಕೈಗೆ ಹಳೇ ದೂರ ಗೊತ್ತು, ಇದು ಗೊತ್ತಿಲ್ಲ. ಎರಡು ಮೇಲೆ, ಎರಡು ಕೆಳಗೆ ಅಂತ ಬಾಯಲ್ಲಿ ಹೇಳ್ಕೊಂಡು ಹಾಕಿದೆ. ಹಾಗೆ ಹೇಳ್ಕೊಂಡು ಮಾಡಿದ್ದು ಕಲಿಯೋ ಕಾಲದಲ್ಲಿ.

ಪಳಗಬಹುದು. ವರ್ಷವಾಗಬಹುದು. ಕೋಟಿಗೆ ಇರೋದು ಭಾನುವಾರದ ತನಕ. ಕೊನೆಯ ಎಳೆಯೂ ಮುಗೀತು. ಇನ್ನು ಬಿಚ್ಚೋ ಹಾಗಿಲ್ಲ.

ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ

ಅಜ್ಜ ಬಂದರು. ಇಸ್ತ್ರಿ ಅಣ್ಣ ಕೇಳದೇ ಕೋಟಿಗೆ ಹಬೆ ಹಿಡಿದು ಹಿಡಿದು ಒತ್ತಿದ್ದ. ಎರಡು ಸಲ. ನಾನು ಹೇಳಿರಲಿಲ್ಲ, ಅವನೇ ನೋಡಿದ್ದಾನೆ.

ಅಜ್ಜ ಅದನ್ನ ಬಾಗಿಲ ಬೆಳಕಿಗೆ ಹಿಡಿದರು. ಒಂದರ್ಧದಲ್ಲಿ ತೂತಿನ ಗುರುತೇ ಇಲ್ಲ, ಬರೀ ಕೋಟು. ಇನ್ನೊಂದರ್ಧ ಗಂಟುಗಂಟಾಗಿ, ವಾಸಿಯಾದ ಗಾಯದ ಹಾಗೆ. ಪೂರ್ತಿ ಕೆಟ್ಟಿದ್ದರೆ ಇಷ್ಟು ಎದ್ದು ಕಾಣ್ತಿರಲಿಲ್ಲ. ಪಕ್ಕದ ಒಳ್ಳೆಯದೇ ಅದನ್ನ ತೋರಿಸುತ್ತೆ.

ಮಾಸ್ಟರ್ ಟೇಪು ಸುತ್ತುತ್ತಾ ನಿಂತರು.

"ಇದು ಇಬ್ಬರು ಮಾಡಿದ್ದಾ ತಾಯಿ?" ಅಂದರು ಅಜ್ಜ.

"ಇಲ್ಲ ಅಜ್ಜ. ನಾನೇ."

ನನ್ನ ಮುಖ ನೋಡಿದರು. ಕನ್ನಡಕ ಇಲ್ಲದ ಮುಖ. ಅರ್ಥವಾಯಿತೋ ಏನೋ.

"ಅಯ್ಯೋ ಬಿಡು. ಪಟ್ಟಿ ಅದರ ಮೇಲೇ ಬರುತ್ತಲ್ಲ. ಯಾರಿಗೆ ಕಾಣುತ್ತೆ?"

ಪಟ್ಟಿ ಇಳಿಸೋ ಹೊತ್ತು ಬರುತ್ತೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

"ಭಾನುವಾರ ಬಾ. ಈಗ ದೂರ ನಿಂತ್ರೂ ಕಾಣುತ್ತಲ್ಲ ನಿಂಗೆ."

ಮಾರ್ಚ್ 30, ಭಾನುವಾರ

ಹೋಗಬಾರದು ಅಂದುಕೊಂಡು ಹೋದೆ. ಮೈದಾನದ ಈ ತುದಿ, ಕಾಂಪೌಂಡ್ ಪಕ್ಕ ನಿಂತೆ. ಬ್ಯಾಂಡು ಆ ತುದಿ. ಹಳೇ ಕಣ್ಣಿಗೆ ನೀಲಿ ಕಲೆ ಅಷ್ಟೇ ಆಗಿರ್ತಿತ್ತು. ಇವತ್ತು ಒಂದೊಂದು ಗುಂಡಿ ಕಂಡಿತು. ಅಜ್ಜನ ಕುತ್ತಿಗೆಯ ನರ, ಡ್ರಮ್ಮಿನ ಬಿಳಿ ಪಟ್ಟಿ. ಎಂಥ ಬಾರಿಸಿದರು! ಎದೆಯೊಳಗೆ ಕೂತು ಬಾರಿಸಿದ ಹಾಗೆ.

ಮುಗಿಯಿತು. ಜನ ಚಪ್ಪಾಳೆ. ಮುಂದಿನವನು ಹತ್ತಿರ ಬಂದು ನಿಂತ. ಅಜ್ಜ ಒಂದು ಸಲ ಜನರ ಕಡೆ ನೋಡಿದರು. ಹುಡುಕಿದ ಹಾಗೆ. ನಾನು ಕಂಡೆನೋ ಇಲ್ಲವೋ. ಪಟ್ಟಿ ಮೇಲೆತ್ತಿದರು.

ಎತ್ತಿದ್ದೇ ತಡ, ಬಲಗೈ ಎಡಭುಜಕ್ಕೆ ಹೋಯಿತು. ಅಂಗೈ ಅಗಲಿಸಿ ಅಲ್ಲೇ ಒತ್ತಿ ಹಿಡಿದರು. ಡ್ರಮ್ ಎಡಗೈಯಿಂದಲೇ ಮುಂದಿನವನ ಕೈಗೆ ದಾಟಿತು.

"ಪಾಪ, ಇಷ್ಟು ವರ್ಷ ಹೊತ್ತದ್ದು, ನೋಯುತ್ತೆ," ಅಂದರು ನನ್ನ ಪಕ್ಕದವರು.

ಬ್ಯಾಂಡಿನವರೆಲ್ಲ ಸಲ್ಯೂಟ್ ಹೊಡೆದರು. ಅಜ್ಜನೂ ಹೊಡೀಬೇಕು. ಬಲಗೈ ಭುಜ ಬಿಡಲಿಲ್ಲ. ಎಡಗೈಯಲ್ಲಿ ಹೊಡೆದರು. ಮುಂದಿನ ಸಾಲಿನಲ್ಲಿ ನಗು ಎದ್ದಿತು. ಕೊನೇ ದಿನ ಮುದುಕನಿಗೆ ಮರೆವು ಅಂತ ಯಾರೋ ಅಂದರು. ನಗು ಈ ತುದಿಯ ತನಕ ಬಂತು. ಅವರು ಹಾಗೇ ನಿಂತಿದ್ದರು, ನೆಟ್ಟಗೆ, ತಪ್ಪು ಕೈ ಹಣೆಯಲ್ಲಿ. ಬೆರಳ ಸಂದಿಯಲ್ಲಿ ನನ್ನ ಗಂಟು. ಅಷ್ಟು ದೂರದಿಂದ ಕಂಡಿತು.

ತೆಗೆದುಬಿಡೋಣ, ಎಲ್ಲ ಮಂಜಾಗಲಿ ಅಂತ ನನ್ನ ಕೈ ಮೂಗಿನ ತನಕ ಹೋಯಿತು. ಅಲ್ಲಿ ಕನ್ನಡಕ ಇರಲಿಲ್ಲ.